ಜಾನ್ ವೆಸ್ಲಿಯ ಎರಡನೆಯ ಹುಟ್ಟು

ಹಳೆಯ ಕನ್ನಡ ಪುಸ್ತಕಗಳ ಮೊದಲ ಹಾಳೆಯಲ್ಲಿ ಮೈಸೂರಿನ ವೆಸ್ಲಿಯನ್ ಮಿಷನ್ ಮುದ್ರಣಾಲಯದ ಹೆಸರನ್ನು ವಿದ್ಯಾರ್ಥಿದೆಸೆಯಲ್ಲಿ ನಾನು ಎಷ್ಟೋ ಸಲ ಕಂಡಿದ್ದೆ. ಆ ಹೆಸರಿಗೆ ಮೂಲಪುರುಷನಾದ ಜಾನ್ ವೆಸ್ಲಿಯ ದಿನಚರಿ ನನ್ನ ಕೈಗೆ ಬಂದದ್ದು ಬಹಳ ತಡವಾಗಿ. ಒಂದು ಪಂಥದ ವಿಜಯಗಾಥೆಯನ್ನು ನಿರೀಕ್ಷಿಸಿ ಅದನ್ನು ತೆರೆದೆ. ಒಂದು ವೇದವಾಕ್ಯದೊಡನೆ ಬಾಳೆಲ್ಲ ಹೆಣಗಿದ ಮನುಷ್ಯನೊಬ್ಬನನ್ನು ಅಲ್ಲಿ ಕಂಡೆ.

ಆ ವಾಕ್ಯವಿರುವುದು ಯೋಹಾನನ ಸುವಾರ್ತೆಯ 3ನೆಯ ಅಧ್ಯಾಯದಲ್ಲಿ. ಇರುಳಿನಲ್ಲಿ ತನ್ನನ್ನು ಕಾಣಬಂದ ನಿಕೊದೇಮನಿಗೆ, ಹೊಸದಾಗಿ ಹುಟ್ಟದವನು ದೇವರ ರಾಜ್ಯವನ್ನು ಕಾಣಲಾರನೆಂದು ಯೇಸು ತಿಳಿಸುತ್ತಾನೆ. ನಮ್ಮ ದೇಶದ ದರ್ಶನಗಳು ಹೇಳುವ ಪುನರ್ಜನ್ಮವಲ್ಲ ಇದು. ಈ ದೇಹವಿರುವಾಗಲೇ ಆಗಬೇಕಾದ ಹುಟ್ಟು. ಮೂಲದ ಗ್ರೀಕ್ ಪದಕ್ಕೆ ‘ಮತ್ತೆ’ ಎಂದೂ ‘ಮೇಲಿನಿಂದ’ ಎಂದೂ ಎರಡರ್ಥ. ಮುಂದೆ ಬರುವ ನೀರಿನ ಮಾತು ದೀಕ್ಷಾಸ್ನಾನವನ್ನೇ ಸೂಚಿಸುತ್ತದೆಂಬುದು ರೋಮನ್ ಕಥೋಲಿಕರ ಮತ್ತು ಪೂರ್ವದ ಆರ್ಥೊಡಾಕ್ಸ್ ಸಭೆಗಳ ವ್ಯಾಖ್ಯಾನ. ಲೂಥರನೂ ಇದನ್ನು ಬಿಡಲಿಲ್ಲ. ಬ್ಯಾಪ್ಟಿಸ್ಟರಿಗಾದರೋ ಹುಟ್ಟು ಮೊದಲು, ಸ್ನಾನ ಆಮೇಲೆ. ದೇವರು ಆರಿಸಿಕೊಂಡವರಲ್ಲಿ ಮಾತ್ರ ಆತ್ಮವು ನಡೆಸುವ ಕಾರ್ಯವಿದೆಂಬುದು ಕ್ಯಾಲ್ವಿನನ ಅನುಯಾಯಿಗಳ ನಿಲುವು.

ವೆಸ್ಲಿ 1703ರಲ್ಲಿ ಇಂಗ್ಲೆಂಡಿನ ಎಪ್‌ವರ್ತ್ ಗ್ರಾಮದ ಪಾದ್ರಿಯ ಮಗನಾಗಿ ಹುಟ್ಟಿದನು. ಶೈಶವದಲ್ಲಿಯೇ ದೀಕ್ಷಾಸ್ನಾನವಾಯಿತು, ಆಂಗ್ಲಿಕನ್ ಸಭೆಯ ಪ್ರಾರ್ಥನಾಗ್ರಂಥದ ಪ್ರಕಾರ ಹೊಸ ಹುಟ್ಟೂ ಆದಂತೆಯೇ. 1709ರಲ್ಲಿ ಮನೆಗೆ ಬೆಂಕಿ ಬಿದ್ದಾಗ ಐದು ವರ್ಷದ ಬಾಲಕನನ್ನು ಕಿಟಕಿಯಿಂದ ಇಳಿಸಿ ಉಳಿಸಿದರು. ಆಕ್ಸ್‌ಫರ್ಡಿನಲ್ಲಿ ಆತ ವಿದ್ವಾಂಸನೆನಿಸಿದನು, ಪಾದ್ರಿಯಾದನು. ಉಪವಾಸ, ಪ್ರಾರ್ಥನೆ, ಸೆರೆಯಾಳುಗಳ ಸೇವೆ ಎಲ್ಲವನ್ನೂ ಗಡಿಯಾರದಂತೆ ನಡೆಸುತ್ತಿದ್ದ ಅವನ ಗೆಳೆಯರ ಕೂಟವನ್ನು ಜನ ‘ಮೆಥಡಿಸ್ಟ’ರೆಂದು ಹಾಸ್ಯಮಾಡಿದರು.

1735ರಲ್ಲಿ ಅವನು ಅಮೆರಿಕದ ಜಾರ್ಜಿಯಕ್ಕೆ ಹೊರಟನು. ನಡುಗಡಲಿನಲ್ಲಿ ಬಿರುಗಾಳಿಯೆದ್ದು ಹಡಗಿನ ದೊಡ್ಡ ಹಾಯಿ ಹರಿದಾಗ, ಜರ್ಮನಿಯ ಮೊರೇವಿಯನ್ ಪಂಥದವರು ಹೆಂಗಸರು ಮಕ್ಕಳೊಡನೆ ನಿಶ್ಚಿಂತರಾಗಿ ಹಾಡುತ್ತಿದ್ದರು. ಪಾದ್ರಿ ಮಾತ್ರ ಸಾವಿಗೆ ಅಂಜಿದನು. ಅಲ್ಲಿನ ಕೆಲಸವೂ ಕೆಟ್ಟು 1738ರಲ್ಲಿ ಹಿಂದಿರುಗಿದಾಗ, ಪರರನ್ನು ಪರಿವರ್ತಿಸಹೊರಟ ತಾನೇ ಪರಿವರ್ತನೆ ಹೊಂದಿಲ್ಲವೆಂದು ದಿನಚರಿಯಲ್ಲಿ ಬರೆದುಕೊಂಡನು. ಅದೇ ವರ್ಷ ಮೇ 24ರ ಸಂಜೆ ಮನಸ್ಸಿಲ್ಲದ ಮನಸ್ಸಿನಿಂದ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟವೊಂದಕ್ಕೆ ಹೋದನು. ರೋಮಾಪುರದವರಿಗೆ ಬರೆದ ಪತ್ರಿಕೆಗೆ ಲೂಥರನು ಬರೆದ ಮುನ್ನುಡಿಯನ್ನು ಅಲ್ಲಿ ಓದುತ್ತಿದ್ದರು. ಒಂಬತ್ತಕ್ಕೆ ಕಾಲು ಗಂಟೆಯಿರುವಾಗ ಅವನ ಎದೆಯಲ್ಲಿ ಹಿಂದೆಂದೂ ಅರಿಯದ ಬಿಸುಪು ಹುಟ್ಟಿ, ತನ್ನ ಪಾಪ ಕಳೆಯಿತೆಂಬ ಭರವಸೆ ಮೂಡಿತು.

ಅಲ್ಲಿಂದ ತೊಡಕು ಮೊದಲಾಯಿತು. ದೀಕ್ಷೆ ಪಡೆದ ಜನರಿಗೇ ಹೊಸ ಹುಟ್ಟನ್ನು ಬೋಧಿಸಿದರೆ ಸಭೆಯ ಸ್ನಾನಕ್ಕೆ ಬೆಲೆಯೇನು? ಚರ್ಚುಗಳ ಬಾಗಿಲು ಒಂದೊಂದಾಗಿ ಮುಚ್ಚಿದುವು. 1739ರಿಂದ ಬಯಲಿನಲ್ಲಿ ನಿಂತು ಬ್ರಿಸ್ಟಲ್ ಕಡೆಯ ಗಣಿಗಾರರಿಗೆ ಬೋಧಿಸಿದನು. 1742ರಲ್ಲಿ ಹುಟ್ಟೂರಿನ ಚರ್ಚೂ ಅವಕಾಶ ಕೊಡದಿರಲು ತಂದೆಯ ಗೋರಿಯ ಮೇಲೆ ನಿಂತು ಹಲವು ಸಂಜೆ ಮಾತನಾಡಿದನು. 1760ರಲ್ಲಿ ಅಚ್ಚಾದ ಪ್ರಸಂಗವೊಂದರಲ್ಲಿ ಅವನ ಸಮಾಧಾನವಿದೆ: ಶಿಶುವಿಗೆ ಸ್ನಾನದಲ್ಲಿ ಹೊಸ ಹುಟ್ಟು ದೊರೆಯುತ್ತದೆಂಬುದನ್ನು ಅವನು ಅಲ್ಲಗಳೆಯಲಿಲ್ಲ, ಆದರೆ ಪಾಪದಲ್ಲಿ ಬಾಳುವವನು ಅದನ್ನು ನೆಚ್ಚಿ ಕೂರಲಾಗದು, ಅವನು ಮತ್ತೆ ಹುಟ್ಟಲೇಬೇಕು. ಕೃಪೆ ಕೆಲವರಿಗೆ ಮಾತ್ರವೆಂದು ನಂಬಿದ ಆಪ್ತಮಿತ್ರ ವೈಟ್‌ಫೀಲ್ಡನೊಡನೆಯೂ ಅವನು ವಾದಕ್ಕೆ ನಿಂತನು. ಆದರೂ 1770ರಲ್ಲಿ ಆ ಮಿತ್ರನು ತೀರಿಕೊಂಡಾಗ ಸ್ಮರಣೆಯ ಪ್ರಸಂಗವನ್ನು ಮಾಡಿದವನು ವೆಸ್ಲಿಯೇ.

ನನ್ನನ್ನು ತಡೆದು ನಿಲ್ಲಿಸಿದ್ದು ಇವಾವುವೂ ಅಲ್ಲ, ಒಂದು ಅಡಿಟಿಪ್ಪಣಿ. ಎಪ್ಪತ್ತು ದಾಟಿದಾಗ ತನ್ನ ಬರಹಗಳನ್ನು ಒಟ್ಟುಗೂಡಿಸುತ್ತ, 1738ರಲ್ಲಿ ತನ್ನ ಮೇಲೆ ತಾನೇ ವಿಧಿಸಿದ್ದ ತೀರ್ಪಿನ ಕೆಳಗೆ ಅವನು ಸಂದೇಹ ಸೂಚಿಸಿದನು. ಅಂದು ತನಗಿದ್ದುದು ಮಗನ ನಂಬಿಕೆಯಲ್ಲವಾದರೂ ಸೇವಕನ ನಂಬಿಕೆಯಾದರೂ ಇದ್ದಿತೆಂದು ಒಪ್ಪಿಕೊಂಡನು. ನಾನೂ ಒಂದು ಕಾಲದಲ್ಲಿ ಹೊಸದೊಂದನ್ನು ಕಂಡ ಹುಮ್ಮಸ್ಸಿನಲ್ಲಿ ನನ್ನ ಹಿಂದಿನ ವರ್ಷಗಳನ್ನೂ, ಅವುಗಳಲ್ಲಿ ನನಗೆ ಕಲಿಸಿದವರನ್ನೂ ತಳ್ಳಿಹಾಕಿದವನು. ಆ ಟಿಪ್ಪಣಿಯನ್ನು ಓದಿದ ದಿನ ನನಗೆ ನಾಚಿಕೆಯಾಯಿತು.

ವೆಸ್ಲಿ 1791ರ ಮಾರ್ಚ್ 2ರಂದು ಕಣ್ಮುಚ್ಚಿದನು. ತನ್ನನ್ನು ಹೊರಗಿಟ್ಟ ಸಭೆಯನ್ನು ಅವನು ಕಡೆಯವರೆಗೂ ಬಿಡಲಿಲ್ಲ. ನಿಕೊದೇಮನಿಗೆ ಹೇಳಿದ ಮಾತಿನ ಅರ್ಥವನ್ನು ಕುರಿತು ಸಭೆಗಳು ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ಹೊಸದಾಗಿ ಹುಟ್ಟಿದವನು ತನ್ನ ಹಳೆಯ ಹುಟ್ಟನ್ನು ಹಳಿಯಬೇಕಾಗಿಲ್ಲವೆಂಬುದನ್ನು ಮಾತ್ರ ಈ ಮುದುಕನಿಂದ ನಾನು ಕಲಿತೆ.