ಭದ್ರೆಯ ದಡದಲ್ಲಿ ವಿಶ್ವೇಶ್ವರಯ್ಯನವರ ಆರು ವರ್ಷ

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಊದುಕುಲುಮೆ ಹೊತ್ತಿಕೊಳ್ಳುವುದಕ್ಕೆ ಬಹಳ ಮೊದಲೇ ಊರಿಗೆ ಆ ಹೆಸರಿತ್ತೆಂಬುದು ಸೋಜಿಗ. ಇಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವಿದೆ; ಅದು ಪರಂಪರೆ ಎಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಅದೇ ಊರಿನ ಕಬ್ಬಿಣದ ಕಾರ್ಖಾನೆಯನ್ನು ಪರಂಪರೆ ಎಂದು ಕರೆಯಲು ಮಾತ್ರ ನಮ್ಮ ನಾಲಿಗೆ ಇನ್ನೂ ಹೊರಳುತ್ತಿಲ್ಲ.

ಸರ್ ಎಂ. ವಿಶ್ವೇಶ್ವರಯ್ಯನವರ ಕುರಿತು ಬರೆಯುವವರು ಸಾಮಾನ್ಯವಾಗಿ ಕನ್ನಂಬಾಡಿಯಿಂದ ಆರಂಭಿಸುತ್ತಾರೆ. ಅವರ ಸ್ವಭಾವವನ್ನು ಅರಿಯಲು ಭದ್ರಾವತಿಯೇ ಹೆಚ್ಚು ಒಳ್ಳೆಯ ಕನ್ನಡಿ ಎಂಬುದು ನನ್ನ ಎಣಿಕೆ. ಅಣೆಕಟ್ಟೆಯ ವಿಷಯದಲ್ಲಿ ಕಾಲ ಅವರ ಪರವಾಗಿತ್ತು. ಕಬ್ಬಿಣದ ವಿಷಯದಲ್ಲಿ ಮಾರುಕಟ್ಟೆಯೂ ಲೋಕಾಭಿಪ್ರಾಯವೂ ಅವರಿಗೆ ವಿರುದ್ಧವಾಗಿದ್ದವು.

ಮುದ್ದೇನಹಳ್ಳಿಯ ಸಂಸ್ಕೃತ ವಿದ್ವಾಂಸರೊಬ್ಬರ ಮಗ ಅವರು. ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡು, ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಓದಿದರು. ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿ ಮುಂಬೈ ಸರ್ಕಾರದ ಸೇವೆ ಸೇರಿದರು. ಖಡಕ್‌ವಾಸ್ಲಾ ಜಲಾಶಯದ ಸ್ವಯಂಚಾಲಿತ ಬಾಗಿಲುಗಳೂ, 1908ರ ಮೂಸಿ ಪ್ರವಾಹದ ನಂತರ ಹೈದರಾಬಾದಿಗೆ ರೂಪಿಸಿಕೊಟ್ಟ ರಕ್ಷಣಾ ಯೋಜನೆಯೂ ಅವರಿಗೆ ಹೆಸರು ತಂದವು. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್, 1912ರಲ್ಲಿ ದಿವಾನ್. ಬ್ಯಾಂಕು, ವಿಶ್ವವಿದ್ಯಾನಿಲಯ, ಗಂಧದೆಣ್ಣೆ ಕಾರ್ಖಾನೆ ಎಲ್ಲವೂ ಈ ಆರು ವರ್ಷಗಳ ಫಲ. ಸರ್ಕಾರಿ ಉದ್ಯೋಗಗಳಲ್ಲಿ ಹಿಂದುಳಿದ ಸಮುದಾಯಗಳ ಪ್ರಾತಿನಿಧ್ಯದ ಪ್ರಶ್ನೆಯಲ್ಲಿ ಮಹಾರಾಜರೊಂದಿಗೆ ಅಭಿಪ್ರಾಯಭೇದ ಬಂದು, 1918ರ ಕೊನೆಗೆ ಅಧಿಕಾರ ಬಿಟ್ಟರು. ಆ ಪ್ರಶ್ನೆಯಲ್ಲಿ ಇತಿಹಾಸ ನಾಲ್ವಡಿ ಕೃಷ್ಣರಾಜ ಒಡೆಯರ ಪರವಾಗಿ ನಿಂತಿದೆ ಎಂದೇ ನಾನು ಭಾವಿಸುತ್ತೇನೆ.

ಕಬ್ಬಿಣದ ಯೋಜನೆ ಅವರ ದಿವಾನಗಿರಿಯ ಕೊನೆಯ ಕನಸು. ಮೈಸೂರಿನಲ್ಲಿ ಅದಿರು ಹೇರಳವಾಗಿತ್ತು, ಕಲ್ಲಿದ್ದಲು ಇರಲಿಲ್ಲ. ಕಲ್ಲಿದ್ದಲಿನ ಬದಲು ಮಲೆನಾಡಿನ ಮರದ ಇದ್ದಿಲು ಬಳಸುವುದೆಂದು ತೀರ್ಮಾನವಾಯಿತು. ಟಾಟಾ ಕಾರ್ಖಾನೆಗೆ ಸಲಹೆಗಾರರಾಗಿದ್ದ ಅಮೆರಿಕದ ಸಿ.ಪಿ. ಪೆರಿನ್ ಅವರ ನೆರವನ್ನು ಪಡೆಯಲಾಯಿತು. ಕೆಮ್ಮಣ್ಣುಗುಂಡಿಯ ಅದಿರು ರೋಪ್‌ವೇಯಲ್ಲಿ ತಣಿಗೆಬೈಲಿಗಿಳಿದು, ಅಲ್ಲಿಂದ ಟ್ರಾಮ್ ಹಳಿಗಳ ಮೇಲೆ ಭದ್ರಾವತಿಗೆ ಬರುತ್ತಿತ್ತು. ಸೌದೆಗೆ ಕಾಡು, ನೀರಿಗೆ ಭದ್ರೆ. ಮರವನ್ನು ಗಾಳಿಯಾಡದ ಪಾತ್ರೆಗಳಲ್ಲಿ ಕಾಯಿಸಿದಾಗ ಇದ್ದಿಲು ಉಳಿಯುತ್ತದೆ. ಹೊಮ್ಮುವ ಆವಿಯನ್ನು ತಣಿಸಿದರೆ ಮರದ ಮದ್ಯಸಾರ, ಅಸಿಟೇಟ್, ಟಾರು ದೊರೆಯುತ್ತವೆ. ಈ ಉಪಉತ್ಪನ್ನಗಳ ಮಾರಾಟ ಕಬ್ಬಿಣದ ವೆಚ್ಚವನ್ನು ತಗ್ಗಿಸಬೇಕೆಂಬುದು ಲೆಕ್ಕಾಚಾರ.

ಲೆಕ್ಕ ತಪ್ಪಿತು. ಮಹಾಯುದ್ಧದ ಕಾಲದಲ್ಲಿ ಏರಿದ್ದ ಕಬ್ಬಿಣದ ಬೆಲೆ, 1923ರಲ್ಲಿ ಕುಲುಮೆ ಹೊತ್ತಿಕೊಳ್ಳುವ ವೇಳೆಗೆ ಕುಸಿದಿತ್ತು. ಅದೇ ವರ್ಷ ಜರ್ಮನಿಯಲ್ಲಿ ಮರವಿಲ್ಲದೆಯೇ ಮೆಥನಾಲ್ ತಯಾರಿಸುವ ಕಾರ್ಖಾನೆ ಆರಂಭವಾಗಿ, ಜಗತ್ತಿನಾದ್ಯಂತ ಮರದ ಮದ್ಯಸಾರದ ಉದ್ಯಮಕ್ಕೆ ಕುತ್ತು ಬಂತು. ಕೋಟಿ ಮೀರಿದ ಸರ್ಕಾರಿ ಹಣ ನೀರುಪಾಲಾಯಿತೆಂಬ ಟೀಕೆ ಎದ್ದಿತು. ಆಗ ಸರ್ಕಾರ ಮೊರೆಹೋದದ್ದು ಐದು ವರ್ಷಗಳ ಹಿಂದೆ ಅಧಿಕಾರ ತೊರೆದಿದ್ದ, ಅರವತ್ತು ದಾಟಿದ ವಿಶ್ವೇಶ್ವರಯ್ಯನವರನ್ನೇ. ಬೇರೆಯವರಾಗಿದ್ದರೆ ಹಳೆಯ ಮುನಿಸು ನೆನೆದು ದೂರ ಉಳಿಯುತ್ತಿದ್ದರೇನೋ. ಅವರು ಒಪ್ಪಿಕೊಂಡು 1929ರವರೆಗೆ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದರು.

ಅವರಲ್ಲಿ ಮಂತ್ರದಂಡವೇನೂ ಇರಲಿಲ್ಲ. ಪ್ರತಿ ವಿಭಾಗದ ಖರ್ಚನ್ನು ಬಿಡಿಸಿ ನೋಡಿ ಪೋಲನ್ನು ತಡೆದರು. ಹೊರದೇಶದ ತಜ್ಞರ ಜಾಗಕ್ಕೆ ಮೈಸೂರಿನ ಎಂಜಿನಿಯರುಗಳನ್ನು ತಂದು ಹೊಣೆ ಹೊರಿಸಿದರು. ಬೀಡುಕಬ್ಬಿಣಕ್ಕೆ ಅಮೆರಿಕದಂಥ ದೂರದ ಮಾರುಕಟ್ಟೆಯನ್ನು ಹುಡುಕಿದರು. ಅದನ್ನು ಹಾಗೆಯೇ ಮಾರುವುದಕ್ಕಿಂತ ಕೊಳವೆಗಳಾಗಿ ಎರಕಹೊಯ್ದು ಮಾರುವುದು ಲಾಭವೆಂದು ಕಂಡರು. ಅವರು ನಿರ್ಗಮಿಸುವ ಹೊತ್ತಿಗೆ ಕಾರ್ಖಾನೆ ಉಸಿರಾಡತೊಡಗಿತ್ತು. ಅಷ್ಟೂ ವರ್ಷಗಳ ಸಂಬಳ ಒಂದು ಲಕ್ಷಕ್ಕೂ ಮಿಕ್ಕಿ ಬಾಕಿಯಿತ್ತು. ಅದನ್ನು ಸ್ವಂತಕ್ಕೆ ಪಡೆಯದೆ, ತರುಣರಿಗೆ ಕೈಕಸುಬು ಕಲಿಸುವ ಸಂಸ್ಥೆಗೆ ಬಳಸುವಂತೆ ಮಾಡಿದರು. ಬೆಂಗಳೂರಿನ ಜಯಚಾಮರಾಜೇಂದ್ರ ಸಂಸ್ಥೆಯ ಮೂಲ ಅಲ್ಲಿದೆ.

ಒಂದು ಬಾಬ್ತು ಮಾತ್ರ ಅವರ ಲೆಕ್ಕದ ಪುಸ್ತಕದಲ್ಲಿ ಸರಿಯಾಗಿ ದಾಖಲಾಗಲಿಲ್ಲ: ಕಾಡು. ಇದ್ದಿಲಿಗಾಗಿ ಕಡಿದ ಮರಗಳ ನಿಜವಾದ ಬೆಲೆಯನ್ನು ಆ ಪೀಳಿಗೆಯ ಯಾವ ಕೈಗಾರಿಕಾವಾದಿಯೂ ಕಟ್ಟಲಿಲ್ಲ. ಮುಂದೆ 1950ರ ದಶಕದಲ್ಲಿ ಜೋಗದ ವಿದ್ಯುತ್ತಿನಿಂದ ನಡೆಯುವ ಕುಲುಮೆಗಳು ಬಂದ ಮೇಲಷ್ಟೇ ಕಾಡಿನ ಮೇಲಿನ ಹೊರೆ ಇಳಿಯತೊಡಗಿತು.

ಅವರು ಹಾಕಿಕೊಟ್ಟ ತಳಪಾಯದ ಮೇಲೆ 1930ರ ದಶಕದಲ್ಲಿ ಉಕ್ಕು, ಸಿಮೆಂಟ್ ಬಂದವು. ಪಕ್ಕದಲ್ಲೇ ಕಾಗದದ ಕಾರ್ಖಾನೆಯೂ ಎದ್ದಿತು. ನ್ಯೂಟೌನ್, ಪೇಪರ್ ಟೌನ್ ಎಂಬ ಬಡಾವಣೆಗಳ ಹೆಸರುಗಳೇ ಈ ಕಥೆಯನ್ನು ಹೇಳುತ್ತವೆ. ವಿಶ್ವೇಶ್ವರಯ್ಯನವರು 1955ರಲ್ಲಿ ಭಾರತರತ್ನರಾಗಿ, ನೂರು ದಾಟಿ ಬದುಕಿ, 1962ರ ಏಪ್ರಿಲ್‌ನಲ್ಲಿ ತೀರಿಕೊಂಡರು. 1976ರಲ್ಲಿ ಕಾರ್ಖಾನೆ ಅವರ ಹೆಸರನ್ನು ಪಡೆಯಿತು. 1998ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಯಿತು. ಕಾಗದದ ಕಾರ್ಖಾನೆ 2015ರಲ್ಲಿ ನಿಂತಿತು. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ ಹೊರಬಿತ್ತು. ಕಾರ್ಮಿಕರ ಹೋರಾಟದ ನಂತರ ಅದೇ ವರ್ಷ ಕೆಲಸ ಅಲ್ಪ ಪ್ರಮಾಣದಲ್ಲಿ ಮತ್ತೆ ಆರಂಭವಾಯಿತು. 2024ರಲ್ಲಿ ಕೇಂದ್ರದ ಉಕ್ಕು ಸಚಿವರು ಬಂದು ಪುನಶ್ಚೇತನದ ಭರವಸೆ ನೀಡಿದರು.

ನಮ್ಮ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ನೂರು ವರ್ಷ ತುಂಬಿದ ಕಟ್ಟಡಕ್ಕೆ ಸ್ಮಾರಕದ ಅರ್ಹತೆ ಕೊಡುತ್ತದೆ. ಭದ್ರಾವತಿಯ ಮೊದಲ ಕುಲುಮೆ ಹೊತ್ತಿ ನೂರು ವರ್ಷವಾದದ್ದು 2023ರಲ್ಲಿ, ಅಂದರೆ ಮುಚ್ಚುವ ಆದೇಶ ಬಂದ ವರ್ಷದಲ್ಲೇ. ವಿಶ್ವೇಶ್ವರಯ್ಯನವರು ಹಳೆಯ ಯಂತ್ರವನ್ನು ಪೂಜಿಸುವವರಲ್ಲ. ಕೆಲಸಕ್ಕೆ ಬಾರದ್ದನ್ನು ಕಿತ್ತೆಸೆಯಲು ಹಿಂಜರಿಯುತ್ತಿರಲಿಲ್ಲ. ಆದರೆ ದಾಸ್ತಾನಿನ ಪಟ್ಟಿಯಿಲ್ಲದೆ ಒಂದು ಮೊಳೆಯನ್ನೂ ಉಗ್ರಾಣದಿಂದ ಹೊರಬಿಡುವ ಆಡಳಿತಗಾರರೂ ಅವರಾಗಿರಲಿಲ್ಲ. ಕಾರ್ಖಾನೆ ಉಳಿಯಲಿ, ಬಿಡಲಿ, ಗುಜರಿಯ ಹರಾಜು ಕೂಗುವ ಮುನ್ನ ಅಲ್ಲಿನ ಕಟ್ಟಡ, ಯಂತ್ರ, ನಕ್ಷೆ, ಕಡತಗಳ ಪಟ್ಟಿಯೊಂದನ್ನು ರಾಜ್ಯದ ಪುರಾತತ್ವ ಇಲಾಖೆ ತಯಾರಿಸಬೇಕು. ಅದಕ್ಕೆ ಬೇಕಾದದ್ದು ಕೆಲವು ತಿಂಗಳ ಸಮಯ, ನಾಲ್ಕಾರು ಮಂದಿ ಎಂಜಿನಿಯರುಗಳು ಮತ್ತು ಕುಲುಮೆಯ ಮುಂದೆ ದುಡಿದು ನಿವೃತ್ತರಾದ ಕಾರ್ಮಿಕರ ನೆನಪು.