ಸಾರಾ ಬೋರ್ಡ್‌ಮನ್ ಅಮ್ಮನವರ ಚರಿತ್ರೆ

ಗಂಗಾವಳಿ ಮತ್ತು ಅಘನಾಶಿನಿ ಹೊಳೆಗಳ ನಡುವಣ ಹಿರೇಗುತ್ತಿಯಿಂದ ಒಬ್ಬನು ನೇರ ಮೂಡಣ ದಿಕ್ಕಿಗೆ ಹೊರಟು, ಘಟ್ಟವನ್ನೂ ಬಯಲುಸೀಮೆಯನ್ನೂ ಬಂಗಾಳದ ಸಮುದ್ರವನ್ನೂ ದಾಟಿದರೆ, ಬ್ರಹ್ಮದೇಶದ ತವಾಯ್ ಸೀಮೆಯನ್ನು ಮುಟ್ಟುವನು. ಈಗ ಆ ದೇಶಕ್ಕೆ ಮ್ಯಾನ್ಮಾರ್ ಎಂದೂ ತವಾಯ್ ಪಟ್ಟಣಕ್ಕೆ ದಾವೇ ಎಂದೂ ಹೆಸರು. ಅಲ್ಲಿಯೂ ಪಡುವಲಿಗೆ ಕಡಲು, ಮೂಡಲಿಗೆ ಕಾಡುಬೆಟ್ಟ, ಎಡೆಬಿಡದೆ ಸುರಿಯುವ ಮಳೆಗಾಲ. ಆ ಪಟ್ಟಣದಲ್ಲಿಯೂ ಆ ಕಾಡಿನಲ್ಲಿಯೂ ಸಂಚರಿಸಿದ ಒಬ್ಬ ಸ್ತ್ರೀಯ ಚರಿತ್ರೆಯನ್ನು ಇಲ್ಲಿ ಬರೆಯುತ್ತೇವೆ.

ಸಾರಾ ಹಾಲ್ ಎಂಬವರು 1803ರ ನವೆಂಬರ್ 4ರಂದು ಅಮೇರಿಕಾ ದೇಶದಲ್ಲಿ ಹುಟ್ಟಿದರು. ಹದಿಮೂರು ಮಂದಿ ಮಕ್ಕಳಲ್ಲಿ ಇವರೇ ಹಿರಿಯರಾದುದರಿಂದ ಚಿಕ್ಕಂದಿನಲ್ಲಿಯೇ ಮನೆಯ ಭಾರವನ್ನು ಹೊತ್ತರು. 1825ರಲ್ಲಿ ಜಾರ್ಜ್ ಡಾನಾ ಬೋರ್ಡ್‌ಮನ್ ಅಯ್ಯನವರನ್ನು ಮದುವೆಯಾಗಿ, ಅದೇ ತಿಂಗಳಲ್ಲಿ ಗಂಡನೊಡನೆ ಹಡಗು ಹತ್ತಿ, ವರ್ಷದ ಕೊನೆಗೆ ಕಲ್ಕತ್ತೆಗೆ ಬಂದರು. ಆಗ ಇಂಗ್ಲಿಷರಿಗೂ ಬ್ರಹ್ಮದೇಶದ ಅರಸನಿಗೂ ಯುದ್ಧವು ನಡೆಯುತ್ತಿದ್ದ ಕಾರಣ ಅಲ್ಲಿಯೇ ತಡೆದು ಭಾಷೆಯನ್ನು ಕಲಿತು, 1827ರಲ್ಲಿ ಮೌಲ್ಮೇನಿಗೆ ಹೋದರು. ಅಲ್ಲಿ ಒಂದು ರಾತ್ರಿ ಕಳ್ಳರು ಮನೆಯನ್ನು ಹೊಕ್ಕು, ಮಲಗಿದ್ದವರ ಸೊಳ್ಳೆಪರದೆಯನ್ನು ಕತ್ತರಿಸಿ, ಬೆಲೆಯುಳ್ಳದ್ದನ್ನೆಲ್ಲಾ ಒಯ್ದರು. ಗಂಡಹೆಂಡತಿಗಳೂ ಕೂಸೂ ಎಚ್ಚರಗೊಳ್ಳದೆ ಇದ್ದುದರಿಂದಲೇ ಜೀವದಿಂದ ಉಳಿದರು.

1828ರಲ್ಲಿ ಅವರು ತವಾಯಿಗೆ ಬಂದರು. ಅದು ಬುದ್ಧನ ಗೋಪುರಗಳಿಂದ ತುಂಬಿದ ಪಟ್ಟಣ. ಪಟ್ಟಣಿಗರಲ್ಲಿ ಸುವಾರ್ತೆಗೆ ಕಿವಿಗೊಟ್ಟವರು ಸ್ವಲ್ಪ ಮಂದಿ. ಆದರೆ ಅವರ ಸಂಗಡ ಬಂದಿದ್ದ ಕೋ ಥಾ ಬ್ಯೂ ಎಂಬ ಕರೆನ್ ಜಾತಿಯವನೊಬ್ಬನಿದ್ದನು. ಮೊದಲು ದರೋಡೆಯಿಂದಲೂ ಕೊಲೆಯಿಂದಲೂ ಬದುಕಿದವನು; ಸಾಲಕ್ಕಾಗಿ ಜೀತಕ್ಕೆ ಬಿದ್ದಿದ್ದಾಗ ಒಬ್ಬ ಬ್ರಹ್ಮದೇಶದ ಕ್ರೈಸ್ತನು ಹಣ ತೆತ್ತು ಬಿಡಿಸಿದ್ದನು. ಆ ವರ್ಷದ ಮೇ 16ರಂದು ದೀಕ್ಷಾಸ್ನಾನ ಹೊಂದಿದ ಕೂಡಲೇ ಆತನು ಕಾಡಿನಲ್ಲಿದ್ದ ಸ್ವಜನರ ಬಳಿಗೆ ನಡೆದನು. ಪಟ್ಟಣದವರು ಹೀನವಾಗಿ ಕಾಣುತ್ತಿದ್ದ ಆ ಬೆಟ್ಟದ ಜನರೇ ಗುಂಪುಗುಂಪಾಗಿ ಮಿಶನ್ ಮನೆಗೆ ಬರತೊಡಗಿದರು. ಒಂದು ಊರಿನವರು ಓದಲಾರದ ಒಂದು ಪುಸ್ತಕವನ್ನು ವರ್ಷಗಟ್ಟಲೆ ಬಟ್ಟೆಯಲ್ಲಿ ಸುತ್ತಿ ಪೂಜಿಸುತ್ತಿದ್ದರು. ಅಯ್ಯನವರು ಅದನ್ನು ಬಿಚ್ಚಿ ನೋಡಲು, ಅದು ಕೀರ್ತನೆಗಳು ಕೂಡಿದ್ದ ಇಂಗ್ಲಿಷ್ ಪ್ರಾರ್ಥನಾ ಪುಸ್ತಕವಾಗಿತ್ತು.

1829ರ ಜುಲೈಯಲ್ಲಿ ಈ ದಂಪತಿಗಳ ಹಿರಿಯ ಮಗಳು ತೀರಿಹೋದಳು. ಮುಂದಿನ ತಿಂಗಳು ಪಟ್ಟಣದಲ್ಲಿ ದಂಗೆ ಎದ್ದು, ಅವರು ಗುಂಡುಗಳ ನಡುವೆ ಹೊಳೆಯ ದಂಡೆಯ ಕಟ್ಟಡಕ್ಕೆ ಓಡಿಹೋಗಬೇಕಾಯಿತು. ಇಷ್ಟರಲ್ಲಿ ಅಯ್ಯನವರನ್ನು ಕ್ಷಯರೋಗವು ಹಿಡಿದಿತ್ತು. ಆದರೂ ದೀಕ್ಷಾಸ್ನಾನಕ್ಕಾಗಿ ಕಾದಿದ್ದ ಕರೆನ್ ಜನರನ್ನು ಕಾಣದೆ ಸಾಯಲು ಅವರಿಗೆ ಮನಸ್ಸಾಗಲಿಲ್ಲ. 1831ರಲ್ಲಿ ಕರೆನ್ ಜನರು ಅವರನ್ನು ಮಂಚದ ಮೇಲೆ ಹೊತ್ತುಕೊಂಡು ಮೂರು ದಿನದ ದಾರಿ ಕಾಡಿನೊಳಗೆ ನಡೆದರು. ಅಮ್ಮನವರೂ ಜೊತೆಯಲ್ಲಿ ಹೋದರು. ಬೆಟ್ಟದ ಬುಡದ ತೊರೆಯಲ್ಲಿ ಮೇಸನ್ ಅಯ್ಯನವರು 34 ಮಂದಿಗೆ ದೀಕ್ಷಾಸ್ನಾನ ಕೊಡುವುದನ್ನು ರೋಗಿಯು ಮಂಚದಿಂದಲೇ ನೋಡಿದರು. ಫೆಬ್ರವರಿ 11ರಂದು, ಪಟ್ಟಣವನ್ನು ಸೇರುವ ಮೊದಲೇ, ದಾರಿಯಲ್ಲಿ ನಿದ್ರೆಹೋದರು. ಅವರಿಗೆ ಮೂವತ್ತು ವರ್ಷ, ಅಮ್ಮನವರಿಗೆ ಇಪ್ಪತ್ತೇಳು.

ಈಗ ಸ್ವದೇಶಕ್ಕೆ ಹಿಂತಿರುಗಿದ್ದರೆ ಅವರನ್ನು ಯಾರೂ ದೂರುತ್ತಿರಲಿಲ್ಲ. ಮೂರು ವರ್ಷ ದಾಟದ ಒಬ್ಬ ಮಗನ ಹೊರತು ಅವರಿಗೆ ಯಾರೂ ಉಳಿದಿರಲಿಲ್ಲ. ಆದರೆ ಅಮ್ಮನವರು ಹೋಗಲಿಲ್ಲ. ಪಟ್ಟಣದಲ್ಲಿ ಶಾಲೆಗಳನ್ನು ನೋಡಿಕೊಂಡರು. ಮಳೆಗಾಲ ಕಳೆದ ಮೇಲೆ ಅದೇ ಕಾಡಿನ ದಾರಿಯನ್ನು ಹಿಡಿದು, ಮಗುವನ್ನು ಕರೆನ್ ಜನರ ಹೆಗಲ ಮೇಲೆ ಕುಳ್ಳಿರಿಸಿ, ತೊರೆಗಳನ್ನು ದಾಟಿ, ಬಿದಿರ ಮನೆಗಳಲ್ಲಿ ತಂಗಿ, ಹಳ್ಳಿಹಳ್ಳಿಯ ಕ್ರೈಸ್ತರನ್ನು ಕಂಡು ಧೈರ್ಯಪಡಿಸಿದರು. ಗಂಡನು ಹೊರಲ್ಪಟ್ಟು ಬಂದ ದಾರಿಯಲ್ಲಿ ಹೆಂಡತಿಯು ಕಾಲ್ನಡೆಯಾಗಿ ಹೋದುದನ್ನು ಆ ಜನರು ಕಣ್ಣಾರೆ ಕಂಡರು.

1834ರ ಏಪ್ರಿಲಿನಲ್ಲಿ ಅವರು ಬೈಬಲನ್ನು ಬ್ರಹ್ಮದೇಶದ ಭಾಷೆಗೆ ತಿರುಗಿಸಿದ ಅದೋನಿರಾಮ್ ಜಡ್ಸನ್ ಅಯ್ಯನವರನ್ನು ಮದುವೆಯಾಗಿ ಮೌಲ್ಮೇನಿಗೆ ಹೋದರು. ಬಾಸೆಲಿನ ಮೊದಲ ಮಿಶನರಿಗಳು ಮಂಗಳೂರಿಗೆ ಬಂದುದೂ ಅದೇ ವರ್ಷದಲ್ಲಿ. ಆರು ವರ್ಷದ ಮಗ ಜಾರ್ಜನನ್ನು ವಿದ್ಯೆಗಾಗಿ ಅಮೇರಿಕಾಕ್ಕೆ ಕಳುಹಿಸಿಕೊಟ್ಟರು. ತಾಯಿಯು ಅವನನ್ನು ಮತ್ತೆ ಕಾಣಲಿಲ್ಲ. ಮೌಲ್ಮೇನಿನಲ್ಲಿ ಎಂಟು ಮಕ್ಕಳನ್ನು ಹೆತ್ತು, ಆ ನಡುವೆಯೇ ಬನ್ಯನನ ಯಾತ್ರಿಕನ ಸಂಚಾರದ ಮೊದಲ ಭಾಗವನ್ನು ಬರ್ಮೀಸ್ ಭಾಷೆಗೆ ತಿರುಗಿಸಿದರು, ಗೀತಗಳನ್ನು ಬರೆದರು, ಮೋನ್ ಜನರ ಭಾಷೆಯನ್ನೂ ಕಲಿತು ಅದರಲ್ಲಿ ಪುಸ್ತಕಗಳನ್ನು ಸಿದ್ಧಪಡಿಸಿದರು. ಕೊನೆಗೆ ದೇಹವು ಕುಗ್ಗಿ, ಸ್ವದೇಶಕ್ಕೆ ಹೋಗುವ ದಾರಿಯಲ್ಲಿ 1845ರ ಸೆಪ್ಟೆಂಬರ್ 1ರಂದು ಹಡಗಿನಲ್ಲಿಯೇ ತೀರಿಹೋದರು. ಅವರ ಸಮಾಧಿಯು ಸಂತ ಹೆಲೆನಾ ದ್ವೀಪದಲ್ಲಿದೆ.

ಅಮೇರಿಕಾಕ್ಕೆ ಹೋದ ಆ ಮಗನು ಬೆಳೆದು ಫಿಲಡೆಲ್ಫಿಯ ಪಟ್ಟಣದಲ್ಲಿ ಪ್ರಸಿದ್ಧ ಸಭಾಪಾಲಕನಾದನು. ಕರೆನ್ ಜನರಲ್ಲಿಯೋ, ಜೀತದಿಂದ ಬಿಡುಗಡೆಯಾದವನು ಬಿತ್ತಿ, ಮಂಚದ ಮೇಲಿದ್ದ ರೋಗಿಯೂ ಒಬ್ಬ ವಿಧವೆಯೂ ನೀರೆರೆದ ಪೈರು ಇಂದಿಗೂ ಬಾಡಿಲ್ಲ. ಅವರಲ್ಲಿ ಕ್ರೈಸ್ತರು ಇಂದು ಬಹುಮಂದಿ. ದೊಡ್ಡ ಊರಿನ ಸಭೆಗಳ ಮುಂದೆ ತಮ್ಮ ಹಳ್ಳಿಯ ಸಣ್ಣ ಕೂಟವನ್ನು ಅಲ್ಪವೆಂದು ಎಣಿಸುವವರು, ತವಾಯಿಯ ಕಾಡಿನ ಆ ತೊರೆಯನ್ನು ನೆನಸಲಿ.