ಕಣ್ಣಿನೊಳಗಣ ಕತ್ತಲೆಗೆ ಬೆಳಕು ತಂದ ಪಂಡಿತನು

ಬಾವಿಯೊಳಗೆ ಕೊಡವು ಬಿದ್ದರೆ ಹಳ್ಳಿಯವರು ಮಾಡುವ ಉಪಾಯವನ್ನು ನೀವು ಬಲ್ಲಿರಿ. ಬಗ್ಗಿ ನೋಡಿದರೆ ಕತ್ತಲೆಯ ಹೊರತು ಬೇರೇನೂ ಕಾಣದು. ಆಗ ಒಬ್ಬನು ಕನ್ನಡಿಯನ್ನು ಬಿಸಿಲಿಗೆ ಹಿಡಿದು ಬೆಳಕನ್ನು ಒಳಕ್ಕೆ ತಿರುಗಿಸುವನು. ತಳದಲ್ಲಿರುವ ಕೊಡವು ಕೂಡಲೆ ಕಾಣುವದು. ಕಣ್ಣೆಂಬ ಬಾವಿಯೊಳಕ್ಕೆ ಇದೇ ರೀತಿಯಾಗಿ ಬೆಳಕನ್ನು ಹಾಯಿಸಿದ ಹರ್ಮನ್ ಹೆಲ್ಮ್‌ಹೋಲ್ಟ್ಸ್ ಎಂಬ ಜರ್ಮನ್ ಪಂಡಿತನ ಚರಿತ್ರೆಯನ್ನು ನಾವು ಈ ಸಾರಿ ಬರೆಯುತ್ತೇವೆ.

ಈತನು 1821ನೆಯ ಇಸವಿ ಆಗಸ್ಟ್ 31ರಂದು ಪೋಟ್ಸ್‌ಡಾಮ್ ಪಟ್ಟಣದಲ್ಲಿ ಹುಟ್ಟಿದನು. ತಂದೆಯು ಉಪಾಧ್ಯಾಯನಾಗಿದ್ದನು. ಹುಡುಗನ ಮನಸ್ಸು ಭೌತಶಾಸ್ತ್ರದ ಕಡೆಗೆ ಎಳೆಯುತ್ತಿದ್ದರೂ ಅದಕ್ಕೆ ಬೇಕಾದ ಹಣವು ಮನೆಯಲ್ಲಿರಲಿಲ್ಲ. ಸೈನ್ಯದಲ್ಲಿ ವೈದ್ಯನಾಗಿ ಸೇವೆಮಾಡಲು ಒಪ್ಪಿದವರಿಗೆ ಬರ್ಲಿನ್ನಿನಲ್ಲಿ ವೈದ್ಯವಿದ್ಯೆಯನ್ನು ಧರ್ಮಾರ್ಥವಾಗಿ ಕಲಿಸುತ್ತಿದ್ದರು. ಆದದರಿಂದ 1838ರಲ್ಲಿ ಅಲ್ಲಿ ಸೇರಿ, 1842ರಲ್ಲಿ ಪದವಿಯನ್ನು ಹೊಂದಿ, ದಂಡಿನ ವೈದ್ಯನಾದನು. ಆ ಕೆಲಸದಲ್ಲಿದ್ದಾಗಲೂ ಅಭ್ಯಾಸವನ್ನು ಬಿಡಲಿಲ್ಲ. ಶಕ್ತಿಯು ರೂಪವನ್ನು ಬದಲಿಸುವದೇ ಹೊರತು ಎಂದಿಗೂ ನಾಶವಾಗದೆಂದು ತೋರಿಸುವ ಪ್ರಸಿದ್ಧ ಪ್ರಬಂಧವನ್ನು 1847ರಲ್ಲಿ ಬರೆದನು. 1849ರಲ್ಲಿ ಕೋನಿಗ್ಸ್‌ಬರ್ಗ್ ಪಟ್ಟಣದಲ್ಲಿ ಪ್ರಾಧ್ಯಾಪಕನಾದನು.

ಆ ಕಾಲದಲ್ಲಿ ಕಣ್ಣು ಹೊರಗಿನಿಂದ ನಿರ್ಮಲವಾಗಿದ್ದು ದೃಷ್ಟಿ ಮಾತ್ರ ನಂದಿದರೆ, ರೋಗಿಗೂ ಏನೂ ಕಾಣದು, ವೈದ್ಯನಿಗೂ ಏನೂ ಕಾಣದು. ಪಾಪೆಯು ಕಪ್ಪಾಗಿ ತೋರುವದೇಕೆ? ಕಣ್ಣಿನೊಳಗೆ ಹೋದ ಬೆಳಕು ತಾನು ಬಂದ ದಾರಿಯಲ್ಲಿಯೇ ಹಿಂದಿರುಗಿ ದೀಪದ ಕಡೆಗೆ ಹೋಗುವದು. ಅದನ್ನು ನೋಡಲು ನಡುವೆ ತಲೆಯೊಡ್ಡಿದರೆ ದೀಪವೇ ಮರೆಯಾಗುವದು. 1850ರಲ್ಲಿ ಶಿಷ್ಯರಿಗಾಗಿ ಪಾಠವನ್ನು ಸಿದ್ಧಮಾಡುತ್ತಿರುವಾಗ ಹೆಲ್ಮ್‌ಹೋಲ್ಟ್ಸನಿಗೆ ಉಪಾಯವು ಹೊಳೆಯಿತು. ದೀಪವನ್ನು ಪಕ್ಕದಲ್ಲಿಟ್ಟು ತೆಳುವಾದ ಗಾಜನ್ನು ಓರೆಯಾಗಿ ಹಿಡಿದರೆ, ಬೆಳಕು ಅದಕ್ಕೆ ತಾಕಿ ಕಣ್ಣಿನೊಳಕ್ಕೆ ತಿರುಗುವದು. ಹಿಂದಿರುಗುವ ಬೆಳಕಿನ ಒಂದು ಪಾಲು ಗಾಜನ್ನು ತೂರಿ ನೋಡುವವನ ಕಣ್ಣನ್ನು ಸೇರುವದು. ಕನ್ನಡಕದ ಗಾಜು, ಸೂಕ್ಷ್ಮದರ್ಶಕದ ಗಾಜಿನ ತುಂಡುಗಳು, ರಟ್ಟು, ಅಂಟು—ಇವುಗಳಿಂದಲೇ ಯಂತ್ರವನ್ನು ಜೋಡಿಸಿ, ಸುಮಾರು ಎಂಟು ದಿನ ಪ್ರಯಾಸಪಟ್ಟು, ಜೀವಂತ ಮನುಷ್ಯನ ಕಣ್ಣಿನ ಹಿಂಭಾಗದ ಅಕ್ಷಿಪಟವನ್ನು ಸ್ಪಷ್ಟವಾಗಿ ಕಂಡನು. ಇದೇ ಆಫ್ತಾಲ್ಮೊಸ್ಕೋಪು. 1851ರಲ್ಲಿ ಇದನ್ನು ವಿವರಿಸುವ ಪುಸ್ತಕವನ್ನು ಪ್ರಕಟಿಸಿದನು.

ಆದರೆ ಎಲ್ಲರೂ ಸಂತೋಷದಿಂದ ಅಂಗೀಕರಿಸಲಿಲ್ಲ. ರೋಗದ ಕಣ್ಣಿಗೆ ಬೆಳಕನ್ನು ಬಿಡುವದು ಅಪಾಯವೆಂದು ಒಬ್ಬ ಪ್ರಖ್ಯಾತ ವೈದ್ಯನು ಹೇಳಿದನು. ತನ್ನ ಕಣ್ಣುಗಳು ಚೆನ್ನಾಗಿರುವದರಿಂದ ತನಗೆ ಇದು ಬೇಡವೆಂದು ಮತ್ತೊಬ್ಬನು ಹೇಳಿದನು! ಬರ್ಲಿನ್ನಿನ ತರುಣ ವೈದ್ಯನಾದ ಆಲ್ಬ್ರೆಕ್ಟ್ ಫಾನ್ ಗ್ರೇಫೆಯಾದರೋ ಅತ್ಯಾನಂದದಿಂದ ಇದನ್ನು ಕೈಗೆತ್ತಿಕೊಂಡು, ಕಣ್ಣಿನ ರೋಗಗಳನ್ನು ಒಂದೊಂದಾಗಿ ಗುರುತಿಸಿದನು.

ಈಗಿನ ಯಂತ್ರವು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಅದರೊಳಗೆ ವಿದ್ಯುದ್ದೀಪವೂ ತಿರುಗಿಸಿ ಬದಲಿಸುವ ಗಾಜುಗಳೂ ಇವೆ. ವೈದ್ಯನು ಕೋಣೆಯನ್ನು ಮಬ್ಬುಮಾಡಿ, ರೋಗಿಯು ದೂರಕ್ಕೆ ದೃಷ್ಟಿಯಿಡುವಂತೆ ಹೇಳುವನು. ರೋಗಿಯ ಬಲಗಣ್ಣನ್ನು ತನ್ನ ಬಲಗಣ್ಣಿನಿಂದ, ಎಡಗಣ್ಣನ್ನು ಎಡಗಣ್ಣಿನಿಂದ ನೋಡುತ್ತಾ ಬಹು ಸಮೀಪಕ್ಕೆ ಬರುವನು. ಮೊದಲು ಕೆಂಪು ಹೊಳಪೂ, ಆಮೇಲೆ ನರವು ಕಣ್ಣನ್ನು ಸೇರುವ ದುಂಡಾದ ಸ್ಥಳವೂ, ಅಲ್ಲಿಂದ ಕವಲೊಡೆಯುವ ರಕ್ತನಾಳಗಳೂ ಕಾಣುವವು. ಇದರಲ್ಲಿ ನೋವಿಲ್ಲ. ಸಕ್ಕರೆ ಕಾಯಿಲೆಯೂ ರಕ್ತದ ಒತ್ತಡವೂ ಮಾಡಿದ ಹಾನಿಯು ಇಲ್ಲಿ ತಿಳಿಯುವದು.

ಹೆಲ್ಮ್‌ಹೋಲ್ಟ್ಸನು ಮುಂದೆ ಬಾನ್, ಹೈಡಲ್‌ಬರ್ಗ್, ಬರ್ಲಿನ್ ಪಟ್ಟಣಗಳಲ್ಲಿ ಕಲಿಸಿ, ಬಹು ಮಾನ್ಯತೆಯನ್ನು ಹೊಂದಿ, 1894ನೆಯ ಇಸವಿ ಸೆಪ್ಟೆಂಬರ್ 8ರಂದು ತೀರಿಕೊಂಡನು. 1886ರಲ್ಲಿ ಕಣ್ಣಿನ ವೈದ್ಯರು ಗ್ರೇಫೆಯ ಹೆಸರಿನ ಪದಕವನ್ನು ಕೊಟ್ಟಾಗ ಆತನು ಉಬ್ಬಲಿಲ್ಲ. ತಾನು ಶಿಲ್ಪಿಗೆ ಒಳ್ಳೆಯ ಉಳಿಯನ್ನು ಮಾಡಿಕೊಟ್ಟ ಕಮ್ಮಾರನಂತೆ ಮಾತ್ರವೆಂದೂ, ವಿಗ್ರಹವನ್ನು ಕೆತ್ತಿದ ಕೀರ್ತಿಯು ಶಿಲ್ಪಿಗೇ ಸಲ್ಲತಕ್ಕದ್ದೆಂದೂ ಹೇಳಿದನು.

ವಾಚಕರೇ, ಕಮ್ಮಾರನು ಉಳಿಯನ್ನು ಮಾಡಿಟ್ಟಿದ್ದಾನೆ. ವೈದ್ಯನೂ ಅದನ್ನು ಹಿಡಿದು ಕಾದಿದ್ದಾನೆ. ಆದರೆ ರೋಗಿಯು ಹೋಗದಿದ್ದರೆ ಪ್ರಯೋಜನವೇನು? ಸಕ್ಕರೆ ಕಾಯಿಲೆಯು ಕಣ್ಣಿನ ಹಿಂಭಾಗವನ್ನು ಕೆಡಿಸುವಾಗ ಮೊದಮೊದಲು ನೋವೂ ಇರದು, ಮಬ್ಬೂ ತೋರದು. ತೋರುವ ಹೊತ್ತಿಗೆ ಹೋದ ದೃಷ್ಟಿಯು ಅನೇಕರಿಗೆ ತಿರಿಗಿ ಬಾರದು. ಆದದರಿಂದ ನಿಮ್ಮ ಮನೆಯಲ್ಲಿ ಆ ಕಾಯಿಲೆಯವರಿದ್ದರೆ, ಕಣ್ಣು ಚೆನ್ನಾಗಿದೆಯೆಂದು ಸುಮ್ಮನಿರದೆ, ವರುಷಕ್ಕೊಮ್ಮೆಯಾದರೂ ಅವರನ್ನು ಕಣ್ಣಿನ ವೈದ್ಯರ ಬಳಿಗೆ ಕರೆದುಕೊಂಡು ಹೋಗಿರಿ.